ಆಯಿಯ ಕಾರ್ಡಿನಲ್ಲಿ ಯಾವ ತಾರೀಖು ಬರೆಯಬೇಕು?

ಪ್ರಶ್ನೆ: ನಮ್ಮ ಆಯಿ ತೀರಿಕೊಂಡು ಹತ್ತು ದಿನ ಆಯಿತು. ಚರ್ಚಿನಲ್ಲಿ ನಡೆಯುವ ತಿಂಗಳ ಪೂಜೆಗೆ ಸ್ಮರಣೆ ಕಾರ್ಡು ಮಾಡಿಸಬೇಕು. ಆಧಾರ್ ಪ್ರಕಾರ ಅವರಿಗೆ 91, ಮನೆಯವರ ಲೆಕ್ಕದಲ್ಲಿ 95. ಹುಟ್ಟಿದ್ದು ಗೋವಾದಲ್ಲಿ, ಮದುವೆಯಾಗಿ ಬಂದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿಗೆ. ಯಾವುದನ್ನು ನಂಬೋಣ? — ಕೇಶ್ವಾಪುರ, ಹುಬ್ಬಳ್ಳಿ

ನಂಬಬೇಕಾದದ್ದು ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್. ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಅದು ಬಹುಮಟ್ಟಿಗೆ ಅಂದಾಜಿನ ತಾರೀಖೇ. ಯಾವ ಚರ್ಚಿನಲ್ಲಿ ಜ್ಞಾನಸ್ನಾನ ಆಯಿತೆಂದು ಗೊತ್ತಿಲ್ಲದಿದ್ದರೆ ಮದುವೆಯಿಂದ ಹಿಂದಕ್ಕೆ ಹೋಗಿ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಬರುವ ಮೊದಲು ಮದುವೆ ಸಾಮಾನ್ಯವಾಗಿ ಹೆಣ್ಣಿನ ಧರ್ಮಕೇಂದ್ರದಲ್ಲೇ (ಆಕೆಯ ಊರಿನ ಚರ್ಚಿನಲ್ಲೇ) ನಡೆಯಬೇಕಿತ್ತು. ಗಂಡಿನ ಊರಿನ ಚರ್ಚಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಬಿಟ್ಟರೆ ತಪ್ಪು ಅಲ್ಲೇ ಆಗುತ್ತದೆ.

ತವರಿನ ಧರ್ಮಕೇಂದ್ರಕ್ಕೆ ಬರೆಯುವ ಪತ್ರದಲ್ಲಿ ಆಯಿಯ ಪೂರ್ತಿ ಹೆಸರು, ತಂದೆ-ತಾಯಿಯ ಹೆಸರು, ಅಂದಾಜು ವರ್ಷ ಬರೆದು, ಅದರ ಹಿಂದೆ ಮುಂದೆ ಐದೈದು ವರ್ಷ ನೋಡಿ ಎಂದು ಕೇಳಿಕೊಳ್ಳಿ. ಗಂಡನ ಮನೆಯ ಅಡ್ಡಹೆಸರು ಅಲ್ಲಿ ಉಪಯೋಗಕ್ಕೆ ಬಾರದು. ಮನೆಯಲ್ಲಿ ರೋಸಾ ಎಂದು ಕರೆದವರು ಪುಸ್ತಕದಲ್ಲಿ ಮರಿಯಾ ರೋಸಾ ಆಗಿರಬಹುದು. ಪ್ರಮಾಣಪತ್ರವನ್ನು ಅಂಚಿನ ಟಿಪ್ಪಣಿ ಸಮೇತ ಕೇಳಿ, ಏಕೆಂದರೆ ದೃಢೀಕರಣ ಸಂಸ್ಕಾರ (ಕನ್ಫರ್ಮೇಶನ್) ಮತ್ತು ಮದುವೆಯ ವಿವರವನ್ನೂ ಅದೇ ನಮೂದಿಗೆ ಸೇರಿಸುವ ನಿಯಮವಿದೆ.

ಬರಹ ಲ್ಯಾಟಿನ್ ಇದ್ದರೆ ‘ನಾತಾ’ ಅಂದರೆ ಹುಟ್ಟಿದ್ದು, ‘ಬಾಪ್ತಿಸಾತಾ’ ಅಂದರೆ ಜ್ಞಾನಸ್ನಾನ ಆದದ್ದು. ಎರಡು ತಾರೀಖನ್ನೂ ನೋಡಿ, ಕಾರ್ಡಿಗೆ ಮೊದಲನೆಯದು ಬೇಕು. ಹಳೆಯ ಕೈಬರಹದಲ್ಲಿ ಅಂಕಿ 7ರ ಪಕ್ಕ ‘ಬ್ರಿಸ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಈ ಒಂದು ಗುರುತು ಗೊತ್ತಿಲ್ಲದೆ ಹುಟ್ಟಿದ ತಿಂಗಳೇ ಬದಲಾಗಿಬಿಡುತ್ತದೆ.

ಕಾರ್ಡು ಪ್ರಾರ್ಥನಾ ಪುಸ್ತಕದೊಳಗೆ ಕೂರಬೇಕು: 7×11 ಸೆಂ.ಮೀ. ಸಾಕು. 12×18 ಇಂಚಿನ ಹಾಳೆಯಲ್ಲಿ 16 ಬರುತ್ತವೆ, 200 ಕಾರ್ಡಿಗೆ 13 ಹಾಳೆ. ಮೊಬೈಲಿನಲ್ಲಿ ಟೈಪು ಮಾಡಿದ ಕನ್ನಡವನ್ನು ಪ್ರೆಸ್ಸಿನವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಒಡೆಯುತ್ತವೆ. ‘ಕ್ರಿಸ್ತ’, ‘ಪ್ರಾರ್ಥನೆ’, ‘ಸ್ವರ್ಗ’ ಈ ಮೂರನ್ನು ಪ್ರೂಫ್ ಹಾಳೆಯ ಮೇಲೆ ಬೆರಳಿಟ್ಟು ಓದಿದ ಮೇಲೆಯೇ ಒಪ್ಪಿಗೆ ಕೊಡಿ.

ಪ್ರಶ್ನೆ: ಅಮ್ಮನ ಬಗ್ಗೆ ಪೂಜೆಯಲ್ಲಿ ಯಾವಾಗ ಮಾತಾಡಬೇಕು? ಏನು ಹೇಳಬೇಕು? ‘ಭಕ್ತಿವಂತರು’ ಎನ್ನುವುದರ ಆಚೆ ಪದವೇ ಸಿಗುತ್ತಿಲ್ಲ. — ಹಾವೇರಿ

ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಪ್ರಬೋಧನೆಯ (ಗುರುಗಳ ಪ್ರವಚನದ) ಜಾಗದಲ್ಲಿ ತೀರಿಕೊಂಡವರ ಗುಣಗಾನ ಕೂಡದೆಂದು ನಿಯಮವಿದೆ. ಮನೆಯವರ ಮಾತಿಗೆ ಜಾಗ ಪರಮಪ್ರಸಾದದ (ಕಮ್ಯುನಿಯನ್) ನಂತರದ ಪ್ರಾರ್ಥನೆ ಮುಗಿದ ಮೇಲೆ. ತಿಂಗಳ ಪೂಜೆಗೂ ಅದೇ ಸರಿ. ಒಬ್ಬರೇ ಮಾತಾಡಿ, ಮೂರು ನಿಮಿಷ. ಬರೆದುಕೊಂಡರೆ ಸುಮಾರು 300 ಪದ. ಮಕ್ಕಳು ನಾಲ್ವರೂ ಮೈಕು ಹಿಡಿದರೆ ಮೊದಲನೆಯವರು ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ.

‘ಈಗಾಗಲೇ ಸ್ವರ್ಗ ಸೇರಿದ್ದಾರೆ’ ಎಂದು ತೀರ್ಪು ಕೊಡಬೇಡಿ. ಆ ಪೂಜೆ ನಡೆಯುವುದೇ ಅವರ ಆತ್ಮಕ್ಕಾಗಿ ಬೇಡಿಕೊಳ್ಳಲು. ‘ದಯಾಳು, ಭಕ್ತಿವಂತರು’ ಎಂದರೆ ಅದು ಯಾರ ಅಮ್ಮನಿಗೂ ಒಪ್ಪುವ ಮಾತು. ಅವರ ಕಾಲವನ್ನು ಹಿಡಿದು ನೆನಪು ಕೆದಕಿ. ಪರಮಪ್ರಸಾದ ಪಡೆಯುವವರು ಮೊದಲು ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ನೀರಿಗೆ ಅನುಮತಿ ಬಂತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಆಮೇಲೂ ಅಮ್ಮ ಪೂಜೆ ಮುಗಿಯುವವರೆಗೆ ಚಹಾ ಮುಟ್ಟುತ್ತಿರಲಿಲ್ಲವೇ? ಆ ಒಂದು ಲೋಟ ಚಹಾದ ಬಗ್ಗೆ ಹೇಳಿ, ಕೇಳುವವರಿಗೆ ಅವರು ಕಣ್ಣೆದುರು ಬರುತ್ತಾರೆ. ಜಪಸರದಲ್ಲಿ (ರೋಸರಿ) ಧ್ಯಾನಿಸುವ ರಹಸ್ಯಗಳಿಗೆ, ಅಂದರೆ ಯೇಸು-ಮರಿಯರ ಬದುಕಿನ ಘಟನೆಗಳಿಗೆ, 2002ರಲ್ಲಿ ಬೆಳಕಿನ ರಹಸ್ಯಗಳು ಸೇರಿದ ಮೇಲೆ ಗುರುವಾರ ಅವರು ಹೊಸದನ್ನು ಹೇಳಿದರೋ, ಹಳೆಯ ರೂಢಿಯಂತೆ ಆನಂದದ ರಹಸ್ಯವನ್ನೇ ಹಿಡಿದರೋ? ತವರು ಗೋವಾ ಆಗಿದ್ದರೆ ಇನ್ನೊಂದು ಕೇಳಿ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ, 1955ರಿಂದ 1961ರವರೆಗೆ ಗಡಿ ದಾಟುವುದು ಕಷ್ಟವಿತ್ತು, ಗಡಿಯ ಕ್ಯಾಸಲ್‌ರಾಕ್ ಸ್ಟೇಷನ್ ದಾಟುವ ರೈಲೂ ನಿಂತಿತ್ತು. ಆಗ ತವರಿನ ಸಾವು-ನೋವಿನ ಸುದ್ದಿ ಅವರಿಗೆ ಹೇಗೆ ಮುಟ್ಟಿತು? ಇವನ್ನೆಲ್ಲ ಬಲ್ಲವರು ಅವರ ತಂಗಿಯರು, ಓರಗಿತ್ತಿಯರು. ಈ ವಾರವೇ ಹೋಗಿ ಕೂತು ಕೇಳಿ.

ಕಾರ್ಡಿನ ಬಗ್ಗೆ ಇನ್ನೊಂದು ಮಾತು: ಹಾವೇರಿ ಮತ್ತು ಗದಗ ಜಿಲ್ಲೆಗಳಾದದ್ದು 1997ರಲ್ಲಿ. 1930ರ ಹುಟ್ಟಿಗೆ ‘ಹಾವೇರಿ ಜಿಲ್ಲೆ’ ಎಂದು ಬರೆಯಬೇಡಿ. ಆಗ ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೂವತ್ತನೇ ದಿನ ಭಾನುವಾರ ಬರುತ್ತದೆ. ಪೂಜೆಯಲ್ಲಿ ನಾವೇ ಆರಿಸಿದ ಬೈಬಲ್ ವಾಚನ ಓದಬಹುದೇ? — ಗದಗ

ಭಾನುವಾರ ಆ ಭಾನುವಾರದ್ದೇ ವಾಚನ. ಅಜ್ಜಿಯ ಹೆಸರು ಪೂಜೆಯ ಉದ್ದೇಶದಲ್ಲಿ ಬರುತ್ತದೆ, ಅಷ್ಟೆ. ನಿಮ್ಮ ಆಯ್ಕೆಯ ವಾಚನ, ಹಾಡು ಬೇಕಿದ್ದರೆ ಶುಕ್ರವಾರವೋ ಸೋಮವಾರವೋ ಸಂಜೆ ಆಗುತ್ತದೆಯೇ ಎಂದು ಗುರುಗಳನ್ನು ಕೇಳಿ. ಫೋಟೋ ಬಲಿಪೀಠದ ಮೇಲೆ ಬೇಡ, ಪಕ್ಕಕ್ಕೆ ಸಣ್ಣ ಮೇಜು ಹಾಕಿ.

ಪ್ರಶ್ನೆ: ಅಜ್ಜಿಯ ಪ್ರಾರ್ಥನಾ ಪುಸ್ತಕದ ಹೊಲಿಗೆ ಬಿಟ್ಟಿದೆ. ಒಳಗಿನ ಸಂತರ ಪಟ, ತೀರಿಕೊಂಡವರ ಕಾರ್ಡು ತೆಗೆದು ಆಲ್ಬಮ್ ಮಾಡೋಣವೇ? — ಧಾರವಾಡ

ಈಗಲೇ ತೆಗೆಯಬೇಡಿ. ಯಾವ ಕಾರ್ಡು ಯಾವ ಪ್ರಾರ್ಥನೆಯ ಎದುರು ಇದೆ ಎನ್ನುವುದರಲ್ಲೇ ಅವರು ಯಾರಿಗಾಗಿ ಏನು ಬೇಡುತ್ತಿದ್ದರೆಂಬ ಸುಳಿವಿದೆ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪುಟದ ಸಂಖ್ಯೆ ಕಾಣುವಂತೆ ಇದ್ದ ಹಾಗೆಯೇ ಒಂದೊಂದರ ಫೋಟೋ ತೆಗೆಯಿರಿ. ಆಮೇಲೆ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಆ ಸಂಖ್ಯೆ ಬರೆಯಿರಿ, ಬಾಲ್‌ಪೆನ್ನಿನ ಗೀರು ಮುಂಬದಿಗೆ ಮೂಡುತ್ತದೆ. ಸೆಲ್ಲೋಟೇಪ್ ಹಚ್ಚಿದರೆ ಅಂಟು ಹಳದಿಗಟ್ಟಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲು ಬಾರದು. ಗಂಜಿ ಹಾಕದ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಳೆಗೆ ಥಂಡಿ ಹಿಡಿಯುವ ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ.

ಜಪಸರ ಕಡಿದಿದ್ದರೆ ಪೋಣಿಸುವ ಮೊದಲು ಮಣಿ ಎಣಿಸಿ: ಮರಿಯಮ್ಮನ ಜಪದ 53, ಪರಲೋಕ ಮಂತ್ರದ 6, ಒಟ್ಟು 59. ಕಡಿಮೆ ಬಿದ್ದರೆ ಎಲ್ಲ ಮಣಿ ಬದಲಿಸಬೇಡಿ. ಅವರ ಬೆರಳಿಗೆ ಸವೆದ ಮಣಿಗಳ ನಡುವೆ ಒಂದೆರಡು ಹೊಸವು ಬೇರೆ ಬಣ್ಣದಲ್ಲಿ ಕಂಡರೂ ಇರಲಿ.