ಮಿಸ್ಲ್‌ಗಳದ್ದು ಅರಾಜಕತೆಯೇ?

‘ಅಫ್ಘನ್ ದೊರೆ ಅಹ್ಮದ್ ಶಾ ಅಬ್ದಾಲಿಯನ್ನು ಒಗ್ಗಟ್ಟಾಗಿ ಎದುರಿಸಿದ ಸಿಖ್ ಮಿಸ್ಲ್‌ಗಳು ಆಮೇಲೆ ತಮ್ಮತಮ್ಮಲ್ಲೇ ಕಾದಾಡಿದ್ದೇಕೆ? ರಣಜಿತ್ ಸಿಂಗ್ ಬಂದು ಎಲ್ಲವನ್ನೂ ಒಂದು ಮಾಡುವವರೆಗೆ ಪಂಜಾಬಿನಲ್ಲಿದ್ದದ್ದು ಅರಾಜಕತೆಯಲ್ಲವೇ?’ ಎಂದು ಕೇಳಿದ್ದೀರಿ.

ಅರಾಜಕತೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಮಿಸ್ಲ್ ಮೊದಲಿಗೆ ಕುದುರೆ ಸವಾರರ ದಂಡು, ರಾಜ್ಯವಾದದ್ದು ಆಮೇಲೆ. 1748ರಲ್ಲಿ ಅಮೃತಸರದಲ್ಲಿ ನೆರೆದ ಸರ್ಬತ್ ಖಾಲ್ಸಾ, ಅಂದರೆ ಸಿಖ್ ಸಮುದಾಯದ ಮಹಾಸಭೆ, ಚದುರಿದ್ದ ದಂಡುಗಳನ್ನು ಹನ್ನೊಂದು ಮಿಸ್ಲ್‌ಗಳಾಗಿ ಹೊಂದಿಸಿ, ಅವೆಲ್ಲ ಸೇರಿದ ದಲ್ ಖಾಲ್ಸಾ ಎಂಬ ಸೈನ್ಯದ ನಾಯಕತ್ವವನ್ನು ಜಸ್ಸಾ ಸಿಂಗ್ ಅಹ್ಲುವಾಲಿಯಾಗೆ ವಹಿಸಿತು. ಪಟಿಯಾಲ ಕಡೆಯ ಫುಲ್ಕಿಯಾನ್ ಅದರ ಹೊರಗಿತ್ತು. ಅದನ್ನೂ ಎಣಿಸಿದರೆ ಹನ್ನೆರಡು. ಬೈಸಾಖಿಗೂ ದೀಪಾವಳಿಗೂ ಸರದಾರರು ಅಮೃತಸರದ ಅಕಾಲ್ ತಖ್ತ್‌ನಲ್ಲಿ ಸೇರುತ್ತಿದ್ದರು. ಗುರು ಗ್ರಂಥ ಸಾಹಿಬ್‌ನ ಸಮ್ಮುಖದಲ್ಲಿ ಆದ ತೀರ್ಮಾನ, ಅಂದರೆ ಗುರ್ಮತಾ, ಎಲ್ಲರನ್ನೂ ಕಟ್ಟಿಹಾಕುತ್ತಿತ್ತು.

ದಂಡಿಗೆ ನೆಲ ದಕ್ಕಿಸಿಕೊಟ್ಟದ್ದು ರಾಖಿ ಪದ್ಧತಿ. ಹಳ್ಳಿಯವರು ಒಂದು ಮಿಸ್ಲ್‌ನ ರಕ್ಷಣೆಗೆ ಒಳಪಟ್ಟರೆ ಸಾಮಾನ್ಯವಾಗಿ ಕಂದಾಯದ ಐದನೇ ಒಂದು ಪಾಲು ಕೊಡಬೇಕು, ಅದೂ ರಬಿ ಮತ್ತು ಖಾರಿಫ್ ಕೊಯ್ಲು ಮುಗಿದ ಮೇಲೆ, ಎರಡು ಕಂತಿನಲ್ಲಿ. ಮೊಘಲ್ ಅಧಿಕಾರಿಯಿಂದಲೂ ಅಫ್ಘನ್ ಸೈನ್ಯದಿಂದಲೂ ಸುಲಿಗೆಗೊಳಗಾಗಿದ್ದ ರೈತನಿಗೆ ಇದು ಸಹನೀಯವಾಗಿತ್ತು. ಕಾವಲು ಕಾಯುತ್ತಿದ್ದವರೇ ಕ್ರಮೇಣ ಅಲ್ಲಿನ ಆಳುವವರಾದರು.

1762ರ ಫೆಬ್ರವರಿಯ ವಡ್ಡಾ ಘಲ್ಲುಘಾರಾದಲ್ಲಿ, ಅಂದರೆ ದೊಡ್ಡ ನರಮೇಧದಲ್ಲಿ, ಅಬ್ದಾಲಿಯ ಸೈನ್ಯ ಸಾವಿರಾರು ಸಿಖ್ಖರನ್ನು ಕೊಂದಿತು. ಆದರೂ ಮಿಸ್ಲ್‌ಗಳು ಅಳಿಯಲಿಲ್ಲ. ಹಿಡಿದರೆ ಎಲ್ಲವೂ ಮುಗಿಯುವಂಥ ರಾಜಧಾನಿ ಅವರಿಗಿರಲಿಲ್ಲ, ಒಬ್ಬನೇ ದೊರೆಯೂ ಇರಲಿಲ್ಲ. 1765ರಲ್ಲಿ ಲಾಹೋರನ್ನೇ ಗೆದ್ದರು.

ನೀವು ಕೇಳುವ ಒಡಕಿನ ಬೀಜ ಅಲ್ಲೇ ಇದೆ. ಲಹ್ನಾ ಸಿಂಗ್, ಗುಜ್ಜರ್ ಸಿಂಗ್, ಸೋಭಾ ಸಿಂಗ್ ಎಂಬ ಮೂವರು ಸರದಾರರು ಲಾಹೋರನ್ನು ಹಂಚಿಕೊಂಡರು. ಕಿಲಾ ಗುಜ್ಜರ್ ಸಿಂಗ್ ಎಂಬ ಬಡಾವಣೆ ಇಂದಿಗೂ ಲಾಹೋರಿನಲ್ಲಿದೆ. ಗುರ್ಮತಾ ಯುದ್ಧ ಹೂಡುವುದಕ್ಕೆ ಸಾಕಾಗಿತ್ತು. ಗೆದ್ದ ನೆಲದ ಗಡಿ ತಕರಾರು ತೀರಿಸಲು ಕಾಯಂ ಖಜಾನೆಯಾಗಲಿ, ಎಲ್ಲರ ಮೇಲೆ ಅಧಿಕಾರ ನಡೆಸುವ ನ್ಯಾಯಪೀಠವಾಗಲಿ ಇರಲಿಲ್ಲ. 1772ರಲ್ಲಿ ಅಬ್ದಾಲಿ ತೀರಿಕೊಂಡ ಮೇಲೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವ ಭಯವೂ ಹೋಯಿತು. ಕನ್ಹೈಯಾ, ರಾಮ್‌ಗಢಿಯಾ, ಸುಕರ್‌ಚಕಿಯಾ ಮಿಸ್ಲ್‌ಗಳು ಬಟಾಲದ ಸುತ್ತ ಹೊಡೆದಾಡಿದವು. ಕನ್ಹೈಯಾ ವಾರಸುದಾರ ಗುರ್‌ಬಕ್ಷ್ ಸಿಂಗ್ ಕಾಳಗದಲ್ಲಿ ಮಡಿದ. ಅವನ ವಿಧವೆ ಸದಾ ಕೌರ್ ಹಗೆ ಸಾಧಿಸದೆ, ತನ್ನ ಮಗಳು ಮೆಹತಾಬ್ ಕೌರಳನ್ನು ಎದುರಾಳಿ ಸುಕರ್‌ಚಕಿಯಾ ಮನೆಯ ರಣಜಿತ್ ಸಿಂಗ್‌ಗೆ ಕೊಟ್ಟಳು. 1799ರಲ್ಲಿ ಅವನು ಲಾಹೋರ್ ಹಿಡಿದಾಗ ಆಕೆಯ ಸೈನ್ಯವೂ ಜೊತೆಗಿತ್ತು. ಈ ಹೆಂಗಸಿನ ಲೆಕ್ಕಾಚಾರಕ್ಕೆ ಚರಿತ್ರೆಯ ಪುಟಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕು.

ಇನ್ನು ‘ಎಲ್ಲವನ್ನೂ ಒಂದು ಮಾಡಿದ’ ಎಂಬುದೂ ಪೂರ್ತಿ ನಿಜವಲ್ಲ. 1809ರಲ್ಲಿ ರಣಜಿತ್ ಸಿಂಗ್ ಬ್ರಿಟಿಷರೊಂದಿಗೆ ಮಾಡಿಕೊಂಡ ಅಮೃತಸರ ಒಪ್ಪಂದದ ನಂತರ ಸತ್ಲಜ್‌ನ ದಕ್ಷಿಣಕ್ಕಿದ್ದ ಪಟಿಯಾಲ, ನಾಭಾ, ಜೀಂದ್ ಬ್ರಿಟಿಷರ ಆಶ್ರಯದಲ್ಲೇ ಉಳಿದವು.