ಚಾರ್ಟರ್ ವಿಮಾನದ ಕಾಕ್‌ಪಿಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಾರ್ಟರ್ ವಿಮಾನಗಳ ಬಗ್ಗೆಯೇ. ಒಂದೋ ಎರಡೋ ವಿಮಾನ, ಬೆರಳೆಣಿಕೆಯ ಪೈಲಟ್‌ಗಳನ್ನು ಇಟ್ಟುಕೊಂಡು ಗಂಟೆ ಲೆಕ್ಕದ ಬಾಡಿಗೆಗೆ ಹಾರುವ ಕಂಪನಿಗಳಿವು. ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಕಾಗದಪತ್ರದಲ್ಲಿ ಇವಕ್ಕೆ ನಾನ್-ಷೆಡ್ಯೂಲ್ಡ್ ಆಪರೇಟರ್ ಎಂದು ಹೆಸರು. 2008ರ ಮೇ 24ರಂದು ದೊಡ್ಡ ಏರ್‌ಲೈನ್‌ಗಳೆಲ್ಲ ದೇವನಹಳ್ಳಿಗೆ ಹೋದ ಮೇಲೂ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಂಥ ವಿಮಾನಗಳ ಓಡಾಟ ನಿಂತಿಲ್ಲ.

ಪ್ರಶ್ನೆ: ಸೆಸ್ನಾ 172ರಲ್ಲಿ 200 ಗಂಟೆ ಹಾರಿ ಸಿಪಿಎಲ್ (ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್) ಪಡೆದೆ, ಮಲ್ಟಿ ಎಂಜಿನ್ ಮತ್ತು ಐಆರ್ (ಉಪಕರಣ ನೋಡಿಕೊಂಡು ಹಾರುವ ಅರ್ಹತೆ) ಕೂಡ ಇದೆ. ಒಂದು ವರ್ಷವಾಯಿತು, ಏರ್‌ಲೈನ್‌ನಿಂದ ಕರೆ ಇಲ್ಲ. ಚಾರ್ಟರ್ ಕಂಪನಿ ಸೇರುವುದು ಸುಲಭವೇ? (ಓದುಗರು, ಹಾವೇರಿ)

ಸುಲಭವಲ್ಲ, ದಾರಿ ಬೇರೆ. ಏರ್‌ಲೈನ್ ನೂರು ಜನರನ್ನು ಒಟ್ಟಿಗೆ ತೆಗೆದುಕೊಂಡು ತರಬೇತಿ ಕೊಡುತ್ತದೆ. ಚಾರ್ಟರ್ ಕಂಪನಿಗೆ ಬೇಕಾಗುವುದು ಒಬ್ಬರೇ, ಅದೂ ಅವರಲ್ಲೊಬ್ಬ ಕೋ-ಪೈಲಟ್ ಏರ್‌ಲೈನ್‌ಗೆ ಹೊರಟ ವಾರ. ಆ ವಾರ ನಿಮ್ಮ ಕಾಗದವೆಲ್ಲ ಚಾಲ್ತಿಯಲ್ಲಿರಬೇಕು, ಅಷ್ಟೇ ವಿಷಯ.

ಮೊದಲು ತಾರೀಖುಗಳನ್ನು ನೋಡಿಕೊಳ್ಳಿ. ಕ್ಲಾಸ್ ಒನ್ ಮೆಡಿಕಲ್ ನಿಮ್ಮ ವಯಸ್ಸಿಗೆ 12 ತಿಂಗಳು, ಐಆರ್ ಕೂಡ 12 ತಿಂಗಳು. ಒಂದು ವರ್ಷವಾಯಿತು ಎಂದಿದ್ದೀರಿ, ಅಂದರೆ ಎರಡೂ ಮುಗಿದಿರಬಹುದು ಅಥವಾ ಮುಗಿಯುವ ಹಂತದಲ್ಲಿರಬಹುದು. ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇಲ್ಲದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಕೈಲಿರುವ ದುಡ್ಡನ್ನು ಎಲ್ಲಕ್ಕೂ ಹಂಚಬೇಡಿ. ಮೊದಲು ಮೆಡಿಕಲ್, ಆಮೇಲೆ ಐಆರ್. ಐಆರ್ ಇಲ್ಲದವರ ಅರ್ಜಿಯನ್ನು ಚಾರ್ಟರ್‌ನವರು ಓದುವುದೇ ಇಲ್ಲ.

ಬಯೋಡೇಟಾ ಒಂದೇ ಪುಟದಲ್ಲಿರಲಿ. ಒಟ್ಟು ಗಂಟೆ, ಪೈಲಟ್ ಇನ್ ಕಮಾಂಡ್ ಗಂಟೆ, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್, ರಾತ್ರಿ, ಹೀಗೆ ಐದು ಸಾಲು ಸಾಕು. ಲಾಗ್‌ಬುಕ್‌ನ ಪ್ರತಿ ಪುಟದ ಮೊತ್ತವನ್ನು ಡಿಜಿಸಿಎಯ ಆನ್‌ಲೈನ್ ತಾಣವಾದ ಇಜಿಸಿಎಯಲ್ಲಿ ಏರಿಸಿದ ಮೊತ್ತದ ಜತೆ ಇಟ್ಟು ಕೂಡಿ ನೋಡಿ. ಎರಡರಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆಯಾದರೂ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದೇ ಆಗುತ್ತದೆ. ಆಮೇಲೆ ನೇರವಾಗಿ ಬೇಸ್‌ಗೆ ಹೋಗಿ. ಆಪರೇಷನ್ಸ್ ವಿಭಾಗದಲ್ಲಿ ಫ್ಲೈಟ್ ಪ್ಲಾನ್ ಹಾಕುವ ಕೆಲಸ ಸಿಕ್ಕರೂ ಬೇಡವೆನ್ನಬೇಡಿ. ಕಣ್ಣೆದುರಿಗೆ ಇರುವವರನ್ನು ಬಿಟ್ಟು ಇಮೇಲ್‌ನಲ್ಲಿ ಬಂದವರನ್ನು ಹುಡುಕುವ ಕಂಪನಿ ಕಡಿಮೆ.

ದುಡ್ಡಿನ ವಿಷಯದಲ್ಲಿ ಮಾತ್ರ ಎಚ್ಚರ. ಕಿಂಗ್ ಏರ್ (ಎರಡು ಎಂಜಿನ್‌ನ ಸಣ್ಣ ಪ್ರೊಪೆಲ್ಲರ್ ವಿಮಾನ) ಎಂಡಾರ್ಸ್‌ಮೆಂಟ್, ಅಂದರೆ ಆ ಮಾದರಿ ಹಾರಿಸುವ ಅನುಮತಿ, ಮಾಡಿಸಿ ಕೆಲಸವನ್ನೂ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗೆ ಮುಂಗಡ ಕೊಡಬೇಡಿ. ಕಂಪನಿಯನ್ನೇ ಮೂರು ಮಾತು ಕೇಳಿ: ನಾನು ಹಾರಿಸುವುದು ಯಾವ ವಿಟಿ ನಂಬರಿನ (ನೋಂದಣಿ ಸಂಖ್ಯೆಯ) ವಿಮಾನ? ಕಳೆದ ವರ್ಷ ಅದು ಎಷ್ಟು ಗಂಟೆ ಹಾರಿದೆ? ದೊಡ್ಡ ತಪಾಸಣೆಗೆಂದು ಹ್ಯಾಂಗರ್‌ನಲ್ಲಿ ನಿಂತರೆ ನನ್ನ ಸಂಬಳ ಏನಾಗುತ್ತದೆ? ಒಂದೇ ವಿಮಾನವಿರುವ ಕಂಪನಿಯಲ್ಲಿ ಅದು ಎರಡು ಮೂರು ತಿಂಗಳು ನಿಂತರೆ ನಿಮ್ಮ 90 ದಿನದ ಲೆಕ್ಕವೂ ಕೈತಪ್ಪುತ್ತದೆ. ಬಾಂಡ್ ಬರೆಸಿಕೊಂಡರೆ ಅದು ಸೇರಿದ ದಿನದಿಂದ ಶುರುವೋ, ಲೈಸೆನ್ಸ್‌ನಲ್ಲಿ ಎಂಡಾರ್ಸ್‌ಮೆಂಟ್ ಬಿದ್ದ ದಿನದಿಂದಲೋ, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೋ ಇಲ್ಲವೋ ನೋಡಿ. ಇಳಿಯದ ಬಾಂಡ್‌ಗೆ ಸಹಿ ಹಾಕದಿರುವುದೇ ಲೇಸು.

ಪ್ರಶ್ನೆ: ನಾವು ಏಳು ಮಂದಿ ಬೆಂಗಳೂರಿನಿಂದ ದೆಹಲಿಗೆ ಕಿಂಗ್ ಏರ್ ಬಿ200 ಕೇಳಿದೆವು. ಒಬ್ಬರು ನಾಗಪುರದಲ್ಲಿ ಇಂಧನಕ್ಕೆ ಇಳಿಯಬೇಕು ಎಂದರು, ಇನ್ನೊಬ್ಬರು ನೇರವಾಗಿ ಒಯ್ಯುತ್ತೇವೆ ಎಂದರು. ವಿಮಾನ ಒಂದೇ, ಮಾತು ಎರಡು ಯಾಕೆ? (ಉದ್ಯಮಿ, ಮೈಸೂರು)

ನಾಗಪುರ ಎಂದವರಿಗೆ ಲೆಕ್ಕ ಗೊತ್ತಿದೆ. ಸೀಟು ಏಳಿದೆ, ಟ್ಯಾಂಕೂ ದೊಡ್ಡದಿದೆ, ನಿಜ. ಎರಡನ್ನೂ ಒಟ್ಟಿಗೆ ತುಂಬಲು ಬರುವುದಿಲ್ಲ ಎಂಬುದನ್ನು ಕರಪತ್ರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.

ಬಿ200 ನೆಲ ಬಿಡುವಾಗ ಗರಿಷ್ಠ ತೂಕ 12,500 ಪೌಂಡ್, ಅಂದರೆ 5,670 ಕಿಲೋ. ಚಾರ್ಟರ್‌ಗೆ ಸಜ್ಜಾದ ವಿಮಾನ, ಇಬ್ಬರು ಪೈಲಟ್ ಸೇರಿ 3,950 ಕಿಲೋ ಎಂದಿಟ್ಟುಕೊಳ್ಳಿ (ಒಂದೊಂದು ವಿಮಾನಕ್ಕೂ ಇದು ಬೇರೆ, ತೂಕದ ವರದಿ ನೋಡಬೇಕು). ತಲೆಗೆ 75 ಕಿಲೋದಂತೆ ಏಳು ಮಂದಿ 525. ತಲಾ 10 ಕಿಲೋ ಲಗೇಜು, 70. ಒಟ್ಟು 4,545. ಇಂಧನಕ್ಕೆ ಉಳಿದದ್ದು 1,125 ಕಿಲೋ. ಟ್ಯಾಂಕ್ ಹಿಡಿಯುವುದು ಸುಮಾರು 1,650.

ಈಗ ದಾರಿ. ಬೆಂಗಳೂರು-ದೆಹಲಿ ನೇರ ಗೆರೆಯಲ್ಲಿ 920 ನಾಟಿಕಲ್ ಮೈಲಿಗೂ ತುಸು ಹೆಚ್ಚು. 260 ನಾಟ್ (ಗಂಟೆಗೆ 260 ನಾಟಿಕಲ್ ಮೈಲಿ) ವೇಗಕ್ಕೆ, ಹತ್ತಿಳಿಯುವುದೂ ಸುತ್ತುಬಳಸೂ ಸೇರಿ, ಮೂರು ಗಂಟೆ ನಲವತ್ತು ನಿಮಿಷ ಹಿಡಿಯಿರಿ. ಮೇಲೇರುವ ಮೊದಲ ಗಂಟೆಗೆ 350 ಕಿಲೋ, ಆಮೇಲೆ ಗಂಟೆಗೆ 270ರಂತೆ 720, ಒಟ್ಟು 1,070. ದೆಹಲಿಯಲ್ಲಿ ಇಳಿಯಲು ಆಗದಿದ್ದರೆ ಜೈಪುರಕ್ಕೆ ಹೋಗಲು 160, ಅಲ್ಲಿ ಅರ್ಧ ಗಂಟೆ ಸುತ್ತಲು 120, ಲೆಕ್ಕ ತಪ್ಪಿದರೆ ಇರಲಿ ಎಂದು ಶೇ. 5ರಂತೆ 50. ಬೇಕಾದದ್ದು 1,400, ಇರುವುದು 1,125. ಕೊರತೆ 275 ಕಿಲೋ. ಇಷ್ಟು ಇಂಧನ ಹೊತ್ತು ನೇರವಾಗಿ ಹೋಗಬೇಕೆಂದರೆ ಜನರಿಗೂ ಲಗೇಜಿಗೂ ಉಳಿಯುವುದು 320 ಕಿಲೋ, ಮೂರು ಮಂದಿ ಧಾರಾಳವಾಗಿ ಹೋಗಬಹುದು. ನಾಗಪುರ ಬೆಂಗಳೂರಿನಿಂದ ಸುಮಾರು 480 ನಾಟಿಕಲ್ ಮೈಲಿ, ಹೆಚ್ಚುಕಡಿಮೆ ಅರ್ಧ ದಾರಿ. ಏಳು ಮಂದಿಯಿದ್ದರೂ ಅಲ್ಲಿಯವರೆಗಿನ ಲೆಕ್ಕ ಕೂಡುತ್ತದೆ.

ನೇರ ಎಂದವರು ಕಡಿಯುವುದು ಎರಡರಲ್ಲಿ ಒಂದನ್ನು. ಒಂದೋ ಜೈಪುರದ ಇಂಧನ, ಇಲ್ಲವೇ ಕಾಗದದ ಮೇಲೆ ನಿಮ್ಮ ತೂಕ. ಎರಡೂ ಬೇಡ.

ತಪ್ಪು ನುಸುಳುವ ಇನ್ನೊಂದು ಜಾಗವಿದೆ. ಬೌಸರ್‌ನವರು (ಇಂಧನ ಟ್ಯಾಂಕರಿನವರು) ಇಂಧನ ಕೊಡುವುದು ಲೀಟರಿನಲ್ಲಿ, ಕಾಕ್‌ಪಿಟ್ಟಿನ ಗೇಜ್ ತೋರಿಸುವುದು ಪೌಂಡಿನಲ್ಲಿ, ಆಪರೇಷನ್ಸ್‌ನವರು ಮಾತಾಡುವುದು ಕಿಲೋದಲ್ಲಿ. ಎಟಿಎಫ್ (ವಿಮಾನದ ಇಂಧನ) ಲೀಟರಿಗೆ ಸುಮಾರು 0.8 ಕಿಲೋ ತೂಗುತ್ತದೆ. 1,125 ಕಿಲೋ ಎಂದರೆ 1,400 ಲೀಟರಿಗೂ ತುಸು ಹೆಚ್ಚು, ಗೇಜಿನಲ್ಲಿ ಸುಮಾರು 2,480 ಪೌಂಡ್. ಖಾಲಿ ಟ್ಯಾಂಕಿಗೆ ಯಾರಾದರೂ ಅವಸರದಲ್ಲಿ 1,125 ಲೀಟರ್ ಹಾಕಿಸಿದರೆ 225 ಕಿಲೋ ಕಡಿಮೆ, ಅಂದರೆ 50 ನಿಮಿಷದ ಹಾರಾಟ ಮಾಯ. ರಸೀತಿ, ಗೇಜು, ಲೋಡ್ ಶೀಟು (ತೂಕದ ಪಟ್ಟಿ) ಮೂರನ್ನೂ ಒಂದೇ ಅಳತೆಗೆ ತಂದು ನೋಡಿದ ಮೇಲೆಯೇ ಬಾಗಿಲು ಮುಚ್ಚಬೇಕು.

ಬೇಸಿಗೆಯಲ್ಲಿ ಮತ್ತೊಂದು ತಾಪತ್ರಯ. ದೇವನಹಳ್ಳಿ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಲೆಕ್ಕದಲ್ಲಿ ಹಿಡಿಯುವ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ, ಏಪ್ರಿಲ್ ಮಧ್ಯಾಹ್ನ ಇರುವುದು 35. ಬಿಸಿಗೆ ಗಾಳಿ ತೆಳುವಾಗುತ್ತದೆ, ಹೆಚ್ಚಿರುವ ಡಿಗ್ರಿಗೆ 120 ಅಡಿಯಂತೆ ಕೂಡಿದರೆ ವಿಮಾನದ ಪಾಲಿಗೆ ಅದು 6,000 ಅಡಿಗೂ ತುಸು ಹೆಚ್ಚು ಎತ್ತರದ ರನ್‌ವೇ. ದೇವನಹಳ್ಳಿಯ ಉದ್ದ ರನ್‌ವೇಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನಿಮ್ಮೂರಿನ 1,740 ಮೀಟರಿನಲ್ಲಿ, ಅದರಲ್ಲೂ ಸಣ್ಣ ಜೆಟ್ ಆದರೆ, ಚೆನ್ನಾಗಿ ಗೊತ್ತಾಗುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಡಿ ಎಂದು ಪೈಲಟ್ ಹೇಳಿದರೆ ಕೇಳಿ.

ಪ್ರಶ್ನೆ: ಚಾರ್ಟರ್‌ನಲ್ಲಿ ಕೋ-ಪೈಲಟ್ ಲಗೇಜನ್ನೂ ಹೊರಬೇಕಂತೆ, ಹೌದೇ? (ಓದುಗರು, ಕಲಬುರಗಿ)

ಹೌದು, ಹೊರಬೇಕು. ಹೊರುವುದರಲ್ಲಿ ಲಾಭವೂ ಇದೆ: ಏಳು ಕಿಲೋ ಎಂದು ಹೇಳಿದ ಸೂಟ್‌ಕೇಸ್ ಹದಿನೆಂಟಿದೆ ಎಂದು ಕೈಗೆ ಮೊದಲು ತಿಳಿಯುತ್ತದೆ. ಹಿಂಬದಿಯಲ್ಲಿ ಭಾರ ಹೆಚ್ಚಾದರೆ ಭಾರಕೇಂದ್ರ ಹಿಂದಕ್ಕೆ ಸರಿದು, ಮೂಗು ತಾನಾಗಿ ಮೇಲೇಳಲು ಹವಣಿಸುತ್ತದೆ.

ಉಳಿದಂತೆ ಹೊರಡುವ ಒಂದೂವರೆ ಗಂಟೆ ಮುಂಚೆ ಬಂದು ಹವಾಮಾನ, ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆ ಪ್ರಕಟಣೆ) ನೋಡುವುದು, ಫ್ಲೈಟ್ ಪ್ಲಾನ್ ಹಾಕಿ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್, ವಾಯುಪಡೆಯ ಎಡಿಸಿ (ಹಾರಲು ಒಪ್ಪಿಗೆ) ನಂಬರ್ ತೆಗೆದುಕೊಳ್ಳುವುದು, ಇಂಧನದಲ್ಲಿ ನೀರಿದೆಯೇ ಎಂದು ಗಾಜಿನ ಶೀಷೆಗೆ ಇಳಿಸಿ ನೋಡುವುದು, ತಿಂಡಿ ಡಬ್ಬಿ ಎಣಿಸುವುದು ಎಲ್ಲ ನಿಮ್ಮದೇ. ಇಳಿದ ಮೇಲೆ ಪಿಟೋ ಟ್ಯೂಬಿಗೆ (ವೇಗ ಅಳೆಯುವ ಕೊಳವೆ) ಗವಸು, ಎಂಜಿನ್ ಬಾಯಿಗೆ ಪ್ಲಗ್ಗು, ಪ್ರೊಪೆಲ್ಲರ್‌ಗೆ ಪಟ್ಟಿ. ಕೊನೆಯದನ್ನು ಮರೆಯುವವರು ಬಹಳ. ಬಿ200ರ ಪಿಟಿ6 ಎಂಜಿನ್‌ನಲ್ಲಿ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್‌ಗೂ ಕಂಪ್ರೆಸರ್‌ಗೂ ಒಂದೇ ಶಾಫ್ಟ್ ಇಲ್ಲ. ಹಾಗಾಗಿ ನಿಂತ ವಿಮಾನದಲ್ಲಿ ಗಾಳಿ ಬೀಸಿದರೆ ಪ್ರೊಪೆಲ್ಲರ್ ಸಲೀಸಾಗಿ ತಿರುಗುತ್ತದೆ. ಆಗ ಎಣ್ಣೆಯ ಒತ್ತಡ ಇರುವುದಿಲ್ಲ, ಬೇರಿಂಗ್ ಒಣಗಿದ್ದಂತೆಯೇ ಸವೆಯುತ್ತದೆ. ಬೆಳಿಗ್ಗೆ ಪಟ್ಟಿ ಬಿಚ್ಚದೆ ಸ್ಟಾರ್ಟ್ ಮಾಡುವುದು ಅದಕ್ಕಿಂತ ದೊಡ್ಡ ಎಡವಟ್ಟು.

ಪ್ರಶ್ನೆ: ಟರ್ಬೋಪ್ರಾಪ್‌ನಲ್ಲಿ (ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗುವ ವಿಮಾನ) 'ಹಾಟ್ ಸ್ಟಾರ್ಟ್' ಎಂದರೇನು? ಯಾಕೆ ಅಷ್ಟು ಹೆದರುತ್ತಾರೆ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಇಂಧನ ಬಂತು, ಬೆಂಕಿ ಹತ್ತಿತು, ತಣಿಸಲು ಸಾಕಷ್ಟು ಗಾಳಿ ಇಲ್ಲ: ಇದೇ ಹಾಟ್ ಸ್ಟಾರ್ಟ್. ಬಹುತೇಕ ಸಲ ಕಾರಣ ಸೊರಗಿದ ಬ್ಯಾಟರಿ. ಬಿ200ರಲ್ಲಿ ಸ್ಟಾರ್ಟರ್ ಹಾಕಿದ ಮೇಲೆ ಎನ್1 (ಕಂಪ್ರೆಸರ್ ತಿರುಗುವ ವೇಗ) ಶೇ. 12 ದಾಟಿ ನಿಂತ ನಂತರವೇ ಇಂಧನ ಬಿಡುವ ಕಂಡಿಷನ್ ಲಿವರ್ ಮುಂದಕ್ಕೆ ತಳ್ಳಬೇಕು. ಬ್ಯಾಟರಿ ಸೊರಗಿದ್ದರೆ ಮುಳ್ಳು ಹತ್ತರ ಆಸುಪಾಸಿನಲ್ಲೇ ತೆವಳುತ್ತದೆ, ಅವಸರದವರು ಅಲ್ಲೇ ಲಿವರ್ ತಳ್ಳುತ್ತಾರೆ. ಟರ್ಬೈನಿನ ಬಿಸಿ ತೋರಿಸುವ ಐಟಿಟಿ ಮುಳ್ಳು ಒಂದೇ ಸಮನೆ ಏರುತ್ತದೆ. ಸ್ಟಾರ್ಟ್ ಆಗುವಾಗ 1,000 ಡಿಗ್ರಿ ಐದೇ ಸೆಕೆಂಡ್ ಇರಬಹುದು. ಅದನ್ನು ಮೀರಿದರೆ ಎಂಜಿನ್ ತಪಾಸಣೆಗೆ ಹೋಗುತ್ತದೆ, ಬ್ಲೇಡ್ ಸುಟ್ಟಿದ್ದರೆ ಬಿಲ್ಲು ಕೋಟಿಯ ಮಾತು.

ಮುಳ್ಳು ಏರುವ ಓಟ ನೋಡಿಯೇ ಲಿವರ್ ಹಿಂದಕ್ಕೆಳೆದು ಇಂಧನ ಕಡಿಯಬೇಕು, ಸ್ಟಾರ್ಟರ್ ಮಾತ್ರ ಬಿಡಬಾರದು. ಒಳಗೆ ಉಳಿದ ಇಂಧನವನ್ನೂ ಬಿಸಿಯನ್ನೂ ಹೊರಗೆ ತಳ್ಳುವುದು ಅದೇ. ಸ್ಟಾರ್ಟರ್‌ಗೂ ಮಿತಿಯಿದೆ: 40 ಸೆಕೆಂಡ್ ಕೆಲಸ, 60 ಸೆಕೆಂಡ್ ವಿಶ್ರಾಂತಿ, ಹೀಗೆ ಮೂರು ಸಲ, ಆಮೇಲೆ ಅರ್ಧ ಗಂಟೆ ಬಿಡುವು. ಬ್ಯಾಟರಿ ಅನುಮಾನವಿದ್ದರೆ ಗ್ರೌಂಡ್ ಪವರ್ ಗಾಡಿ ಬರುವ ತನಕ ಕಾಯಿರಿ. ಒಳಗೆ ಕೂತ ಸಾಹೇಬರು ಗಡಿಯಾರ ನೋಡಿಕೊಳ್ಳಲಿ.

ಪ್ರಶ್ನೆ: ಮೌತ್‌ವಾಶ್ ಬಳಸಿದರೂ ಪೈಲಟ್ ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರಾ? (ಓದುಗರು, ಶಿವಮೊಗ್ಗ)

ಆಲ್ಕೋಹಾಲ್ ಇರುವ ಮೌತ್‌ವಾಶ್, ಟೂತ್ ಜೆಲ್ ಬಳಸಲೇಬಾರದು ಎಂದು ಡಿಜಿಸಿಎ ನಿಯಮದಲ್ಲೇ ಇದೆ. ಮಿತಿ ಸೊನ್ನೆ, ಹಾರಾಟಕ್ಕೆ ಮುಂಚಿನ 12 ಗಂಟೆ ಕುಡಿಯುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಮೂರು ತಿಂಗಳು ಅಮಾನತು. ಕೆಮ್ಮಿನ ಸಿರಪ್ಪಿನ ಬಾಟಲಿಯ ಹಿಂಬದಿಯನ್ನೂ ಓದಿ.

ಪ್ರಶ್ನೆ: ಚುನಾವಣೆ ಸಮಯದಲ್ಲಿ ಭಾಷಣ ಮುಗಿಯುವ ಮೊದಲೇ ಹೆಲಿಕಾಪ್ಟರ್ ಪೈಲಟ್ ಅವಸರ ಮಾಡುತ್ತಾರೆ. ಹತ್ತು ನಿಮಿಷ ಹೆಚ್ಚಾದರೆ ಏನು ಕಷ್ಟ? (ಓದುಗರು, ಬಳ್ಳಾರಿ)

ಕಾಲೇಜು ಮೈದಾನದ ಹೆಲಿಪ್ಯಾಡಿಗೆ ದೀಪವಿಲ್ಲ, ಟವರ್ ಇಲ್ಲ, ಇನ್‌ಸ್ಟ್ರುಮೆಂಟ್ ನೆಚ್ಚಿಕೊಂಡು ಹೊರಡುವ ದಾರಿ ಇಲ್ಲ. ಕಣ್ಣಿಗೆ ಕಂಡಷ್ಟೇ ಹಾರಾಟ. ನಮ್ಮ ದೇಶದಲ್ಲಿ ಅಂಥ ಹಾರಾಟ ಸೂರ್ಯಾಸ್ತವಾಗಿ 20 ನಿಮಿಷಕ್ಕೆ ಮುಗಿಯಬೇಕು. ಆ ಗಡುವು ಹೊರಡುವ ಹೊತ್ತಿಗಲ್ಲ, ಹಾರಾಟಕ್ಕೆ. ಬೇಸ್‌ಗೆ ಮರಳಲು 40 ನಿಮಿಷ ಬೇಕಿದ್ದರೆ ಸೂರ್ಯ ಮುಳುಗಲು ಇನ್ನೂ 20 ನಿಮಿಷ ಇರುವಾಗಲೇ ಚಕ್ರ ನೆಲ ಬಿಟ್ಟಿರಬೇಕು. ದಾರಿಯಲ್ಲಿ ಮೋಡ ಬಳಸಲು ಹತ್ತು ನಿಮಿಷ ಎತ್ತಿಟ್ಟರೆ ಇನ್ನೂ ಮುಂಚೆ. ವೇದಿಕೆಯ ಮೇಲಿನ ಹತ್ತು ನಿಮಿಷ ಕಡಿದುಕೊಳ್ಳುವುದು ಈ ಹತ್ತನ್ನೇ.

2009ರ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಬೆಲ್ 430 ಬಿದ್ದದ್ದು ಬೆಳಗಿನ ಹೊತ್ತು, ಕೆಟ್ಟ ಹವೆಯಲ್ಲಿ. ಬೆಳಕಿದ್ದೂ ಮೋಡದೊಳಗೆ ಹೊಕ್ಕರೆ ಕಣ್ಣಿನ ಹಾರಾಟ ಅಲ್ಲಿಗೆ ಮುಗಿಯಿತು. ಕತ್ತಲಾದ ಮೇಲೆ ಮೋಡವಿದೆ ಎಂಬುದೂ ಕಾಣುವುದಿಲ್ಲ. ಆದ್ದರಿಂದ ಪೈಲಟ್ ರೋಟರ್ ತಿರುಗಿಸಿ ಸದ್ದು ಮಾಡಿದರೆ ಅದನ್ನು ಅಸಹನೆ ಎಂದುಕೊಳ್ಳಬೇಡಿ. ಸಂಘಟಕರು ಮಾಡಬಹುದಾದ ಕೆಲಸ ಸರಳವಾದದ್ದು: ಕೊನೆಯ ಹೊರಡುವ ಸಮಯವನ್ನು ಬೆಳಿಗ್ಗೆಯೇ ಪೈಲಟ್‌ನಿಂದ ಬರೆಸಿಕೊಂಡು ನಿರೂಪಕರ ಕೈಗೆ ಕೊಡಿ, ಅದು ಮೀರಿದರೆ ನಾಯಕರಿಗೆ ಕಾರು ಸಿದ್ಧವಿರಲಿ.