ಕೃಷಿ ಭೂಮಿಯ ಬಳಕೆ ಬದಲಾಗಲು ಜನಸಂಖ್ಯೆ ಒಂದೇ ಕಾರಣವೇ?

ಕಳೆದ ಇನ್ನೂರು ವರ್ಷಗಳಲ್ಲಿ ಸಾಗುವಳಿ ಒಂದು ಕಡೆ ಹಬ್ಬುತ್ತಾ, ಇನ್ನೊಂದು ಕಡೆ ಹಿಂದೆ ಸರಿದದ್ದೇಕೆ, ಎಲ್ಲಕ್ಕೂ ಜನಸಂಖ್ಯೆಯೇ ಕಾರಣ ಅಂದರೆ ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. ಸಾಲದು. ಒಟ್ಟು ಎಷ್ಟು ಆಹಾರ ಬೇಕು ಅನ್ನುವುದನ್ನು ಜನಸಂಖ್ಯೆ ಹೇಳುತ್ತದೆ, ಸರಿ. ಅದನ್ನು ಎಲ್ಲಿ, ಎಷ್ಟು ಎಕರೆಯಲ್ಲಿ ಬೆಳೆಯುತ್ತಾರೆ ಅನ್ನುವುದು ಮಾತ್ರ ಬಹುಪಾಲು ಹೊಲದಿಂದ ದೂರದಲ್ಲೇ ತೀರ್ಮಾನವಾಗುತ್ತದೆ. 1961ರಿಂದೀಚೆಗೆ ಜಗತ್ತಿನ ಏಕದಳ ಧಾನ್ಯಗಳ ಉತ್ಪಾದನೆ ಮೂರು ಪಟ್ಟು ದಾಟಿದೆ, ಆದರೆ ಅವನ್ನು ಬೆಳೆಯುವ ಜಮೀನು ಹೆಚ್ಚಿದ್ದು ತೀರಾ ಸ್ವಲ್ಪ.

ಯಾವುದೇ ಪ್ರದೇಶದ ಹಳೆಯ ಭೂದಾಖಲೆ ಕೈಗೆ ಬಂದರೆ ನಾನು ಮೊದಲು ನೋಡುವುದು ಮಣ್ಣಿನ ಗುಣವನ್ನಲ್ಲ, ಅಲ್ಲಿಗೆ ಕಾಲುವೆಯೋ ರೈಲೋ ಬಂದ ವರ್ಷವನ್ನು. ಅಮೆರಿಕದ ವರ್ಮಾಂಟ್ ರಾಜ್ಯವನ್ನೇ ತೆಗೆದುಕೊಳ್ಳಿ. 1840ರಲ್ಲಿ ಅಲ್ಲಿ ಜನ ಮೂರು ಲಕ್ಷವೂ ಇರಲಿಲ್ಲ, ಕುರಿಗಳಿದ್ದದ್ದು ಸುಮಾರು 17 ಲಕ್ಷ. ಉಣ್ಣೆಗೆ ಒಳ್ಳೆ ಬೆಲೆ ಇತ್ತು, ಗುಡ್ಡಗಳನ್ನೆಲ್ಲ ಬೋಳಿಸಿ ಹುಲ್ಲುಗಾವಲು ಮಾಡಿದರು. ಅಷ್ಟರಲ್ಲಾಗಲೇ, 1825ರಲ್ಲೇ, ಪಶ್ಚಿಮದ ದೊಡ್ಡ ಸರೋವರಗಳನ್ನು ಪೂರ್ವಕ್ಕೆ ಜೋಡಿಸುವ ಈರಿ ಕಾಲುವೆ ತೆರೆದಿತ್ತು. ಅದರ ಬೆನ್ನಿಗೆ ರೈಲು ಬಂತು. ಪಶ್ಚಿಮದ ಸಪಾಟು ನೆಲದ ಧಾನ್ಯ, ಉಣ್ಣೆ ಅಗ್ಗವಾಗಿ ಪೂರ್ವದ ಪೇಟೆ ತಲುಪತೊಡಗಿತು. 1846ರಲ್ಲಿ ಉಣ್ಣೆಯ ಆಮದು ಸುಂಕವೂ ಇಳಿಯಿತು. ಕಲ್ಲು ನೆಲದಲ್ಲಿ ಹೆಣಗುತ್ತಿದ್ದವರು ಕೆಲವರು ಪಶ್ಚಿಮಕ್ಕೆ ಹೋದರು, ಕೆಲವರು ಗಿರಣಿ ಸೇರಿದರು. ಇವತ್ತು ಆ ರಾಜ್ಯದ ನಾಲ್ಕರಲ್ಲಿ ಮೂರು ಪಾಲು ಕಾಡು. ಮಣ್ಣು ಕೆಟ್ಟಿತೆಂದೋ ಜನ ಕಡಿಮೆಯಾದರೆಂದೋ ಆದದ್ದಲ್ಲ ಇದು.

ಆ ಕಾಡಿನೊಳಗೆ ಈಗಲೂ ಮೈಲಿಗಟ್ಟಲೆ ಕಲ್ಲಿನ ಗೋಡೆಗಳಿವೆ, ಹಳೆಯ ಹೊಲಗಳ ಎಲ್ಲೆಗಳು. ಅವನ್ನು ಓದುವ ಒಂದು ಉಪಾಯ ನನಗೆ ಬಹಳ ಇಷ್ಟ. ಗೋಡೆಯಲ್ಲಿ ಬರೀ ದೊಡ್ಡ ಬಂಡೆಗಳಿದ್ದರೆ ಪಕ್ಕದ ಜಾಗ ಹುಲ್ಲುಗಾವಲಾಗಿತ್ತು ಎಂದು ಊಹಿಸಬಹುದು. ದೊಡ್ಡವುಗಳ ನಡುವೆ ಮುಷ್ಟಿ ಗಾತ್ರದ ಕಲ್ಲುಗಳೂ ತುಂಬಿದ್ದರೆ ಅದು ಉತ್ತ ಹೊಲ. ಚಳಿಗಾಲದ ಹಿಮಕ್ಕೆ ಮಣ್ಣು ಉಬ್ಬಿ ಸಣ್ಣ ಕಲ್ಲುಗಳು ವರ್ಷವರ್ಷವೂ ಮೇಲೆ ಬರುತ್ತಿದ್ದವು. ಮೇಯುವ ಕುರಿಗೆ ಅವುಗಳಿಂದ ತೊಂದರೆಯಿಲ್ಲ, ನೇಗಿಲಿಗೆ ಇದೆ. ಹಾಗಾಗಿ ಉಳುವವನು ಮಾತ್ರ ಅವನ್ನು ಆರಿಸಿ ಗೋಡೆಗೆ ಎಸೆಯುತ್ತಿದ್ದ.

ಇದೇ ಕಥೆ ಸಮುದ್ರದಾಚೆಗೂ ನಡೆಯಿತು. 1870ರ ದಶಕದಿಂದ ರೈಲು, ಹಡಗುಗಳಲ್ಲಿ ಬಂದ ಅಮೆರಿಕದ ಗೋಧಿಯ ಮುಂದೆ ನಿಲ್ಲಲಾಗದೆ ಬ್ರಿಟನ್ನಿನ ಎಷ್ಟೋ ಗೋಧಿ ಹೊಲಗಳು ಹುಲ್ಲುಗಾವಲಾದವು. 1882ರಲ್ಲಿ ‘ಡ್ಯುನೆಡಿನ್’ ಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೆಪ್ಪುಗಟ್ಟಿಸಿದ ಮಾಂಸ ಒಯ್ದ ಮೇಲೆ, ಲಂಡನ್ನಿನ ಊಟಕ್ಕಾಗಿ ನ್ಯೂಜಿಲೆಂಡಿನ ಕಾಡು ಕಡಿಯುವುದು ಲಾಭದ ಬಾಬತ್ತಾಯಿತು. ಒಂದು ದೇಶದಲ್ಲಿ ಕಾಡು ಮರಳಿತು ಎಂದು ಸಂಭ್ರಮದ ಸುದ್ದಿ ಬಂದಾಗಲೆಲ್ಲ ಅದರ ಆಮದಿನ ಲೆಕ್ಕವನ್ನೂ ತೆರೆದು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಾಗಣೆ, ಪೇಟೆಯ ನಂತರದ ಎರಡನೆಯ ಕಾರಣ, ಶಕ್ತಿಯ ಮೂಲ. ಇದನ್ನು ಜನ ಮರೆತೇಬಿಡುತ್ತಾರೆ. 1915ರ ಸುಮಾರಿಗೆ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆಗಳ ಮೇವಿಗೆಂದೇ ಸುಮಾರು 9 ಕೋಟಿ ಎಕರೆ ಬಳಕೆಯಾಗುತ್ತಿತ್ತು. ಟ್ರ್ಯಾಕ್ಟರು, ಲಾರಿ ಬಂದ ಮೇಲೆ ಆ ಜಮೀನು ಮನುಷ್ಯರ ಆಹಾರಕ್ಕೆ, ಹಾಲು ಮಾಂಸದ ದನಕರುಗಳಿಗೆ ಸಿಕ್ಕಿತು. ಒಂದು ಮರ ಕಡಿಯದೆಯೇ ಅಷ್ಟು ನೆಲ ಬಿಡುವಾಯಿತು! ತಮಾಷೆಯೆಂದರೆ, ಪೆಟ್ರೋಲಿಗೆ ಜೈವಿಕ ಇಂಧನ ಬೆರೆಸಬೇಕೆಂದ 2005 ಮತ್ತು 2007ರ ಕಾನೂನುಗಳ ನಂತರ ಅಲ್ಲಿನ ಮೆಕ್ಕೆಜೋಳದ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಥನಾಲ್ ಕಾರ್ಖಾನೆಗೆ ಹೋಗುತ್ತಿದೆ. ಎಂಜಿನ್ನಿಗೆ ಮತ್ತೆ ಹೊಲದಿಂದಲೇ ಮೇವು.

ಗೊಬ್ಬರವನ್ನೂ ಇದರ ಜೊತೆಗೇ ಸೇರಿಸಿಕೊಳ್ಳಿ. 1913ರಲ್ಲಿ ಜರ್ಮನಿಯಲ್ಲಿ ಹೇಬರ್-ಬಾಷ್ ವಿಧಾನದ, ಅಂದರೆ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ, ಕಾರ್ಖಾನೆ ಶುರುವಾಗುವ ಮೊದಲು, ಮಣ್ಣಿಗೆ ಸಾರಜನಕ ತುಂಬಲು ದ್ವಿದಳ ಬೆಳೆ, ಕೊಟ್ಟಿಗೆ ಗೊಬ್ಬರ, ಬೀಳು ಬಿಡುವುದು ಇವೇ ಮುಖ್ಯ ದಾರಿ. ಚೀಲದಲ್ಲಿ ಸಾರಜನಕ ಸಿಗತೊಡಗಿದ ಮೇಲೆ ದನ ಒಂದು ಕಡೆ, ಬೆಳೆ ಇನ್ನೊಂದು ಕಡೆ ಎಂದು ಬೇರ್ಪಟ್ಟವು.

ಸರ್ಕಾರಗಳ ಪಾತ್ರ ಎಲ್ಲಕ್ಕಿಂತ ದಿಢೀರನೆ ಕಾಣುತ್ತದೆ. 1954ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಹುಕುಂನಂತೆ ಕಝಾಕಸ್ತಾನ, ಸೈಬೀರಿಯಾಗಳ ಹುಲ್ಲು ಬಯಲನ್ನು ಉತ್ತು ಗೋಧಿ ಹಾಕಿದರು. ಕೆಲವೇ ವರ್ಷಗಳಲ್ಲಿ ಗಾಳಿಗೆ ಮೇಲ್ಮಣ್ಣು ಹಾರತೊಡಗಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಸಬ್ಸಿಡಿ ನಿಂತಾಗ ಕೋಟಿಗಟ್ಟಲೆ ಹೆಕ್ಟೇರ್ ಹೊಲ ಪಾಳು ಬಿತ್ತು. ಬ್ರೆಜಿಲ್‌ನ ಸೆರಾಡೊ ಎಂಬ ಸವನ್ನಾದಲ್ಲಿ (ಅಲ್ಲಲ್ಲಿ ಮರಗಳಿರುವ ಹುಲ್ಲು ಬಯಲಿನಲ್ಲಿ) ಆದದ್ದು ಇದಕ್ಕೆ ತಿರುಗುಮುರುಗು: ಕೃಷಿಗೆ ಬಾರದ ಆಮ್ಲೀಯ ನೆಲ ಎಂದು ಬಿಟ್ಟಿದ್ದ ಜಾಗಕ್ಕೆ ಸುಣ್ಣ, ರಂಜಕ ಹಾಕಿ, 1973ರಲ್ಲಿ ಸ್ಥಾಪನೆಯಾದ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಉಷ್ಣವಲಯಕ್ಕೆ ಹೊಂದುವ ಸೋಯಾ ತಳಿಗಳನ್ನು ಕೊಟ್ಟು, ಅದನ್ನು ಸೋಯಾ ಕಣಜವನ್ನಾಗಿಸಿದರು. ಹೋದ ಸವನ್ನಾ ಮಾತ್ರ ಹೋಯಿತು.

ನೀವೇ ಅಂಕಿಅಂಶ ನೋಡಲು ಹೊರಟರೆ ಎರಡು ಕಡೆ ಜಾಗ್ರತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ‘ಕೃಷಿ ಭೂಮಿ’ ಸುಮಾರು 480 ಕೋಟಿ ಹೆಕ್ಟೇರ್, ಆದರೆ ಅದರಲ್ಲಿ ಮೂರನೇ ಎರಡು ಪಾಲು ಹುಲ್ಲುಗಾವಲು. ಕಡಿಮೆಯಾದದ್ದು ಹೊಲವೋ ಹುಲ್ಲೋ ಎಂದು ಬಿಡಿಸಿ ನೋಡಿ. ಇನ್ನೊಂದು, ಐದು ವರ್ಷದೊಳಗಿನ ಬೀಳನ್ನು ಅವರು ಉಳುಮೆ ಭೂಮಿಯೆಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ರೈತರು ಕೈಬಿಟ್ಟ ನೆಲ ಆ ಪಟ್ಟಿಯಲ್ಲಿ ತಡವಾಗಿಯೇ ಕಾಣಿಸಿಕೊಳ್ಳುತ್ತದೆ.